ಏಳು ಹತ್ತರ ಬಸ್ಸು ಯಾರದ್ದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ದಾರಿಗಳಲ್ಲಿ ಬಸ್ ಕಂಪನಿಗಳು ಹುಟ್ಟಿದವು, ಕೈ ಬದಲಾಯಿಸಿದವು, ಕರಗಿದವು. ಇಲ್ಲಿ ನಡೆದ ಖರೀದಿಯಲ್ಲಿ ಬಸ್ಸಿಗಿಂತ ಬೆಲೆಬಾಳಿದ್ದು ಒಂದು ಹಾಳೆ, ಅದರಲ್ಲಿ ಬರೆದ ಹೊತ್ತು.

ಮೂಡುಬಿದಿರೆ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಸಾಕು. ಬಸ್ಸಿನ ಹಣೆಯ ಮೇಲೆ ದೇವರ ಹೆಸರೋ ಧಣಿಯ ಮಗಳ ಹೆಸರೋ ದಪ್ಪಕ್ಷರದಲ್ಲಿ ಇರುತ್ತದೆ. ಕಾಯುತ್ತಿರುವವರು ಅದನ್ನು ಓದುವುದು ಕಡಿಮೆ. ಓಡೋಡಿ ಬಂದವರು ಕೇಳುವುದು ‘ಏಳು ಹತ್ತರದ್ದು ಹೋಯ್ತಾ?’ ಎಂದು. ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋಗುವವರಿಗೂ, ಸಿದ್ಧಕಟ್ಟೆ ಮೇಲಿಂದ ಬಂಟ್ವಾಳಕ್ಕೆ ಇಳಿಯುವವರಿಗೂ ಬಸ್ಸಿನ ಗುರುತು ಗಡಿಯಾರದಲ್ಲಿದೆ. ಧಣಿ ಬದಲಾಗಬಹುದು, ಬಾಡಿ ಬದಲಾಗಬಹುದು, ಬಣ್ಣವಂತೂ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೊತ್ತು ಬದಲಾದರೆ ಮಾತ್ರ ಊರಿನಲ್ಲಿ ಗಲಾಟೆ.

ಕರಾವಳಿಯ ಬಸ್ ವ್ಯಾಪಾರದ ನೂರು ವರ್ಷಗಳ ಕತೆ ಈ ಪ್ರಶ್ನೆಯೊಳಗೇ ಇದೆ. ಇಲ್ಲಿ ಒಂದು ಕಂಪನಿ ಇನ್ನೊಂದನ್ನು ಕೊಂಡಿತು ಎಂದರೆ ಅರ್ಥ, ಏಳು ಹತ್ತು ಕೈ ಬದಲಾಯಿಸಿತು ಎಂದು.

ಎರಡು ಊರು, ಒಂದೇ ವರ್ಷ

1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ ಶುರುವಾಯಿತು. ಜನರ ಬಾಯಲ್ಲಿ ಅದು ಸಿ.ಪಿ.ಸಿ. ದೇಶದ ತೀರಾ ಹಳೆಯ ಬಸ್ ಕಂಪನಿಗಳ ಸಾಲಿನಲ್ಲಿ ಅದರ ಹೆಸರು ಬರುತ್ತದೆ. ಮದ್ರಾಸ್ ಪ್ರಾಂತ್ಯದ ಇನ್ನೊಂದು ತುದಿ ಮಧುರೆಯಲ್ಲಿ ಟಿ.ವಿ. ಸುಂದರಂ ಅಯ್ಯಂಗಾರ್ ಬಸ್ ಓಡಿಸಲು ತೊಡಗಿ ಆಗಿನ್ನೂ ಎರಡು ವರ್ಷ. ಭಾರತದ ಮೊದಲ ಮೋಟಾರು ವಾಹನ ಕಾಯ್ದೆ ಬಂದದ್ದೂ 1914ರಲ್ಲೇ.

ಅದೇ ವರ್ಷ ಅಮೆರಿಕದ ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಗಣಿಯೂರಿನಲ್ಲಿ ಕಾರ್ಲ್ ವಿಕ್‌ಮನ್ ಎಂಬ ಸ್ವೀಡನ್ ವಲಸಿಗ ಏಳು ಸೀಟಿನ ಕಾರಿನಲ್ಲಿ ಗಣಿ ಕಾರ್ಮಿಕರನ್ನು ಕೂರಿಸಿಕೊಂಡು ಹೊರಟ. ತಲೆಗೆ 15 ಸೆಂಟ್ ಬಾಡಿಗೆ. ಪಕ್ಕದ ಲೈನಿನವರ ಜತೆ ಸೇರಿ, ಆಮೇಲೆ ಅವರನ್ನು ಕೊಂಡು, ಮತ್ತೊಬ್ಬರನ್ನು ಸೇರಿಸಿಕೊಂಡು ಬೆಳೆದ ಆ ಉದ್ಯಮ 1930ರ ಹೊತ್ತಿಗೆ ಗ್ರೇಹೌಂಡ್ ಕಾರ್ಪೊರೇಷನ್ ಆಗಿ ಅಮೆರಿಕದ ಉದ್ದಗಲಕ್ಕೂ ಹರಡಿತ್ತು. ಕೊಂಡು ಕೊಂಡು ಬೆಳೆಯುವುದಕ್ಕೆ ಬಸ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ.

ಮಂಗಳೂರಿನ ಕಂಪನಿಗೂ ಹಿಬ್ಬಿಂಗಿನ ಕಂಪನಿಗೂ ಹುಟ್ಟಿದ ವರ್ಷ ಒಂದೇ. ಮುಂದಿನ ಜಾತಕ ಮಾತ್ರ ಕೂಡಲಿಲ್ಲ. ಅದಕ್ಕೆ ಮೊದಲ ಕಾರಣ ಹೊಳೆಗಳು.

ದಕ್ಷಿಣ ಕನ್ನಡದ ದಾರಿ ಎಂದರೆ ಗುಡ್ಡ ಹತ್ತು, ಬಯಲು ಇಳಿ, ಹೊಳೆ ದಾಟು. ಬಂಟ್ವಾಳ ನೇತ್ರಾವತಿಯ ದಡದ ಪೇಟೆ. ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಯಲ್ಲಿ ಇಳಿದು ಬಂದು ಇಲ್ಲಿ ದೋಣಿ ಹತ್ತಿ ಮಂಗಳೂರು ಸೇರುತ್ತಿದ್ದ ಕಾಲವಿತ್ತು. ಮೂಡುಬಿದಿರೆಗೆ ಹೋಗುವವರು ಗುರುಪುರದಲ್ಲಿ ಹೊಳೆ ದಾಟಬೇಕಿತ್ತು. ಸೇತುವೆ ಇಲ್ಲದ ಕಡೆ ಜಂಗಲ್, ಅಂದರೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ತೆಪ್ಪ. ಎಷ್ಟೋ ಕಡೆ ಬಸ್ಸು ಹೊಳೆಯ ಈಚೆ ನಿಲ್ಲುತ್ತಿತ್ತು. ಜನ ದೋಣಿಯಲ್ಲಿ ದಾಟಿ ಆಚೆ ಕಾದಿದ್ದ ಇನ್ನೊಂದು ಬಸ್ಸು ಹತ್ತುತ್ತಿದ್ದರು. ಹೀಗಾಗಿ ಒಂದೊಂದು ಹೊಳೆಯ ನಡುವಿನ ತುಂಡು ದಾರಿ ಒಬ್ಬೊಬ್ಬ ಧಣಿಯ ಸೀಮೆಯಾಯಿತು. ಸಿ.ಪಿ.ಸಿ., ಹನುಮಾನ್, ಶಂಕರ್ ವಿಠಲ್ ಎಂಬ ದೊಡ್ಡ ಹೆಸರುಗಳ ಪಕ್ಕದಲ್ಲೇ ಒಂದೆರಡು ಬಸ್ಸಿನ ಸಣ್ಣ ಧಣಿಗಳು ಉಳಿದುಕೊಂಡದ್ದು ಈ ಭೂಗೋಳದಿಂದ.

ಇದ್ದಿಲಿನ ಬಸ್ಸು, ಹಾಳೆಯ ಬೆಲೆ

1939ರ ಮೋಟಾರು ವಾಹನ ಕಾಯ್ದೆ ಈ ವ್ಯಾಪಾರದ ಬೇರನ್ನೇ ಬದಲಿಸಿತು. ಅಲ್ಲಿಂದ ಮುಂದೆ ಬಸ್ಸಿದ್ದರೆ ಸಾಲದು, ಪರ್ಮಿಟ್ ಬೇಕು. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಯಾವ ಊರಿಂದ ಯಾವ ಊರಿಗೆ, ಯಾವ ದಾರಿಯಲ್ಲಿ, ಎಷ್ಟು ಟ್ರಿಪ್, ಎಷ್ಟು ಹೊತ್ತಿಗೆ ಎಂಬುದೆಲ್ಲ ಕಾಗದದ ಮೇಲೆ ಬಂತು. ಹೊಸಬರು ಅರ್ಜಿ ಹಾಕಿದರೆ ಆ ದಾರಿಯಲ್ಲಿ ಈಗಾಗಲೇ ಓಡಿಸುತ್ತಿರುವವರು ಆಕ್ಷೇಪ ಸಲ್ಲಿಸಬಹುದಿತ್ತು. ‘ಇರುವ ಬಸ್ಸಿಗೇ ಜನ ಸಾಲದು’ ಎಂಬ ಒಂದು ವಾಕ್ಯ ಹೊಸ ಅರ್ಜಿಯನ್ನು ವರ್ಷಗಟ್ಟಲೆ ಕಚೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಕಚೇರಿಗೆ ಅಲೆಸಲು ಸಾಕಾಗುತ್ತಿತ್ತು.

ಹೊಸ ಪರ್ಮಿಟ್ ಸಿಗುವುದು ದುಸ್ತರವಾದ ಮೇಲೆ ಉಳಿದ ದಾರಿ ಒಂದೇ. ಇದ್ದವರಿಂದ ಕೊಳ್ಳುವುದು. ಕಾಯ್ದೆ ಅದಕ್ಕೆ ಕಿಂಡಿ ಬಿಟ್ಟಿತ್ತು. ಪ್ರಾಧಿಕಾರದ ಅನುಮತಿ ಇದ್ದರೆ ಪರ್ಮಿಟ್ಟನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಬಹುದು. 1988ರ ಹೊಸ ಕಾಯ್ದೆಯ 82ನೇ ಸೆಕ್ಷನ್ನಿನಲ್ಲೂ ಈ ಏರ್ಪಾಡು ಮುಂದುವರಿದಿದೆ. ಧಣಿ ತೀರಿಕೊಂಡರೆ ವಾಹನ ಯಾರ ಕೈಗೆ ಬಂತೋ ಅವರು 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿ, 3 ತಿಂಗಳವರೆಗೆ ಅದೇ ಪರ್ಮಿಟ್ಟಿನಲ್ಲಿ ಓಡಿಸಬಹುದು. ಮನೆಯಲ್ಲಿ ಬೊಜ್ಜದ (ಉತ್ತರಕ್ರಿಯೆಯ) ಓಡಾಟ ನಡೆದಿದ್ದರೂ ಏಳು ಹತ್ತರ ಬಸ್ಸು ಏಳು ಹತ್ತಕ್ಕೇ ಹೊರಡಬೇಕು ಎಂಬುದು ಶಾಸನದ ಲೆಕ್ಕಾಚಾರ. ನಿಂತರೆ ಆ ಹೊತ್ತಿನ ಮೇಲೆ ಕಣ್ಣಿಟ್ಟವರು ಬೇರೆಯವರು ಇದ್ದೇ ಇರುತ್ತಾರೆ.

ಕಾಯ್ದೆಯ ಬೆನ್ನಿಗೇ ಎರಡನೇ ಮಹಾಯುದ್ಧ ಬಂತು. ಪೆಟ್ರೋಲಿಗೆ ರೇಷನ್, ಟೈರಿಗೆ ಬರ. ಬಸ್ಸಿನ ಹಿಂಬದಿಗೆ ಉರುಳೆಯಂಥ ಗ್ಯಾಸ್ ಪ್ಲಾಂಟ್ ಕಟ್ಟಿ, ಇದ್ದಿಲು ಉರಿಸಿ, ಆ ಅನಿಲದಲ್ಲಿ ಇಂಜಿನ್ ನಡೆಸುವ ಕಾಲ. ಹೊರಡುವ ಮೊದಲು ಕ್ಲೀನರ್ ಹುಡುಗ ಗಾಳಿಯಂತ್ರ ತಿರುಗಿಸಿ ತಿರುಗಿಸಿ ಬೆವರಬೇಕಿತ್ತು. ಏರು ದಾರಿಯಲ್ಲಿ ಬಸ್ಸು ಏದುಸಿರು ಬಿಟ್ಟರೆ ಜನ ಇಳಿದು ನಡೆಯುತ್ತಿದ್ದರು. ಬಿಡಿಭಾಗ ಹೊರಗಿನಿಂದ ಬಾರದ ಆ ವರ್ಷಗಳಲ್ಲಿ ಸ್ವಂತ ವರ್ಕ್‌ಶಾಪ್ ಇದ್ದವರು ಉಳಿದರು. ಸಿ.ಪಿ.ಸಿ. ಜತೆ ಹೆಸರು ಬೆಸೆದಿರುವ ಉದ್ಯಮಿ ವಿ.ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ 1940ರ ದಶಕದ ಕೂಸು. ಲಾರಿ, ಬಸ್ಸುಗಳ ಅಡಿಗೆ ಹಾಕುವ ‘ಲ್ಯಾಮಿನಾ’ ಪಟ್ಟಿ ಸ್ಪ್ರಿಂಗಿನಿಂದ ಮಂಗಳೂರಿನ ಹೆಸರು ದೂರದೂರಕ್ಕೆ ಹೋಯಿತು. ಇಲ್ಲಿನ ಹೊಂಡದ ರಸ್ತೆಗಳಿಗಿಂತ ಒಳ್ಳೆಯ ಪರೀಕ್ಷಾಲಯ ಸ್ಪ್ರಿಂಗಿಗೆ ಬೇರೆ ಎಲ್ಲಿ ಸಿಗಬೇಕು?

ಬಿಡಿ ಬಿಡಿಯಾಗಿ ಕೊಳ್ಳುವವರು

ಪರ್ಮಿಟ್ ಕೈಗೆ ಬಂದರೆ ಸಿಗುವುದು ರಸ್ತೆಯ ಮೇಲೆ ಓಡುವ ಹಕ್ಕು ಮಾತ್ರವಲ್ಲ, ದಿನದ ಒಂದು ತುಣುಕು. ಶಾಲೆ ಕಾಲೇಜಿನ ಹೊತ್ತಿಗೆ ಮೂಡುಬಿದಿರೆ ಅಥವಾ ಉಜಿರೆ ಮುಟ್ಟುವ ಟ್ರಿಪ್ಪಿಗೂ ಮಧ್ಯಾಹ್ನ ಎರಡರ ಬಿಸಿಲಿಗೆ ಖಾಲಿ ಸೀಟು ಹೊತ್ತು ಹೋಗುವ ಟ್ರಿಪ್ಪಿಗೂ ಅಜಗಜಾಂತರ. ಮುಂಜಾನೆಯ ಮೊದಲ ಬಸ್ಸಿನ ಟಾಪಿನಲ್ಲಿ ಪೇಪರಿನ ಕಟ್ಟು ಬರುತ್ತದೆ. ಬೀಡಿ ಕಟ್ಟುವ ಊರುಗಳಲ್ಲಿ ಎಲೆ, ತಂಬಾಕು ಒಳಗೆ ಹೋಗುವುದೂ ಕಟ್ಟಿದ ಬೀಡಿ ಹೊರಗೆ ಬರುವುದೂ ಬಸ್ಸಿನಲ್ಲೇ. ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಮನೆಗೆ ಹೊರಡುವ ಆಫೀಸಿನವರದ್ದು ಇನ್ನೊಂದು ಲೋಕ. ಆದ್ದರಿಂದ ಎರಡು ಬಸ್ಸು ಒಂದೇ ಕಂಪನಿಯ ಒಂದೇ ಮಾಡೆಲ್ ಆದರೂ ಕಲೆಕ್ಷನ್ ಒಂದೇ ಅಲ್ಲ, ಮಾರುವಾಗ ಬೆಲೆಯೂ ಒಂದೇ ಅಲ್ಲ.

ಈ ಹೊತ್ತುಗಳನ್ನು ಹಂಚುವ ಜಾಗ ಆರ್‌ಟಿಒ ಕಚೇರಿಯ ಟೈಮಿಂಗ್ಸ್ ಮೀಟಿಂಗ್. ಮುಂದಿನ ಬಸ್ಸಿಗೂ ಹಿಂದಿನದಕ್ಕೂ ಎಷ್ಟು ನಿಮಿಷ ಅಂತರ ಎಂಬುದು ಅಲ್ಲಿನ ಜಗಳ. ಎರಡು ನಿಮಿಷ ಮುಂಚೆ ಹೊರಟವನಿಗೆ ನಿಂತ ಜನರೆಲ್ಲ ಸಿಗುತ್ತಾರೆ, ಹಿಂದಿನವನಿಗೆ ಸಿಗುವುದು ಧೂಳು. ನಿಲ್ದಾಣದ ಮೂಲೆಯಲ್ಲಿ ಪುಸ್ತಕ ಹಿಡಿದು ನಿಲ್ಲುವ ಟೈಮ್ ಕೀಪರ್‌ಗೆ ಡ್ರೈವರ್‌ಗಳೆಲ್ಲ ಅಂಜುವುದು ಇದಕ್ಕೇ. ಕಂಡಕ್ಟರ್‌ನ ‘ದುಂಬು ಪೋಲೆ’ (ಮುಂದೆ ಹೋಗಿ) ಎಂಬ ಕೂಗಿನ ಅವಸರಕ್ಕೂ ಇದೇ ಮೂಲ.

ಇಂಥ ವ್ಯವಸ್ಥೆಯಲ್ಲಿ ಕಂಪನಿ ಬೆಳೆಯುವ ಬಗೆ ನೋಡಿ. ಒಬ್ಬ ಧಣಿಗೆ ವಯಸ್ಸಾಯಿತು, ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋದರು. ಅವರ ಎರಡು ಬಸ್ಸು ಪರ್ಮಿಟ್ ಸಮೇತ ಪಕ್ಕದ ಊರಿನ ಧಣಿಗೆ ಹೋಯಿತು. ಇನ್ನೊಬ್ಬರ ಮನೆಯಲ್ಲಿ ಪಾಲಾಯಿತು. ಅಣ್ಣನಿಗೆ ಮಂಗಳೂರು ಲೈನು, ತಮ್ಮನಿಗೆ ಬೆಳ್ತಂಗಡಿ ಲೈನು. ತಮ್ಮ ತನ್ನದನ್ನು ಮಾರಿದ. ‘ಲೈನು ಕೊಟ್ಟರು’ ಎಂಬ ಎರಡೇ ಪದದಲ್ಲಿ ಊರು ಈ ವ್ಯವಹಾರವನ್ನು ಹೇಳಿ ಮುಗಿಸುತ್ತದೆ. ಷೇರು ಪೇಟೆಯ ಮಾತಿಲ್ಲ, ವಿಲೀನದ ಘೋಷಣೆಯಿಲ್ಲ. ಬಸ್ಸಿನ ಜತೆ ಹಳೆಯ ಡ್ರೈವರ್ ಕೂಡ ಹೊಸ ಧಣಿಯ ಕಡೆಗೆ ಬರುವುದುಂಟು. ಯಾವ ತಿರುವಿನಲ್ಲಿ ಯಾವ ಟೀಚರಮ್ಮ ಓಡಿ ಬರುತ್ತಾರೆ ಎಂದು ಗೊತ್ತಿರುವವನು ಅವನೇ.

ಎಲ್ಲಕ್ಕಿಂತ ದೊಡ್ಡ ಗಿರಾಕಿ

ಇಡೀ ಕಂಪನಿಗಳನ್ನೇ ನುಂಗಿ ಬೆಳೆದ ಬಸ್ ಸಂಸ್ಥೆ ಕರ್ನಾಟಕದಲ್ಲಿ ಇಲ್ಲವೇ? ಇದೆ. ಅದು ಸರ್ಕಾರದ್ದು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1940ರಲ್ಲಿ ಹುಟ್ಟಿದ್ದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 1956ರಲ್ಲಿ ಸರ್ಕಾರದ ಕೈಸೇರಿತು. ಅದೇ ವರ್ಷ ನವೆಂಬರ್ 1ರಂದು ರಾಜ್ಯ ಒಂದಾದಾಗ ಮುಂಬೈ ಪ್ರಾಂತ್ಯದ ಸಾರಿಗೆ ನಿಗಮದ ಕನ್ನಡ ಭಾಗವೂ, ನಿಜಾಮರು 1932ರಲ್ಲಿ 27 ಬಸ್ಸುಗಳಿಂದ ಶುರುಮಾಡಿದ್ದ ಇಲಾಖೆಯ ಕನ್ನಡ ಭಾಗವೂ ಬಂದು ಸೇರಿದವು. 1961ರಲ್ಲಿ ನಿಗಮವಾಯಿತು. 1973ರಲ್ಲಿ ರಾಜ್ಯದ ಹೆಸರಿನ ಜತೆ ಅದರ ಹೆಸರೂ ಬದಲಾಗಿ ಇವತ್ತಿನ ಕೆಎಸ್‌ಆರ್‌ಟಿಸಿ ಆಯಿತು. ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡ ಮಾತ್ರ ಖಾಸಗಿ ಬಸ್ಸುಗಳ ಸೀಮೆಯಾಗಿಯೇ ಕರ್ನಾಟಕ ಸೇರಿತ್ತು.

ಸರ್ಕಾರ ದಾರಿ ಹಿಡಿದ ಕ್ರಮವೂ ಸ್ವಾರಸ್ಯಕರ. 1956ರ ತಿದ್ದುಪಡಿ ಮೋಟಾರು ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಿತು. ನಿಗಮ ಒಂದು ‘ಸ್ಕೀಮ್’ ಪ್ರಕಟಿಸಿ, ಆಕ್ಷೇಪ ಕೇಳಿ, ಇಂಥ ದಾರಿ ಇನ್ನು ನಮ್ಮದು ಎಂದು ಹೇಳಬಹುದು. ಖಾಸಗಿಯವರ ಪರ್ಮಿಟ್ ರದ್ದಾಗುತ್ತದೆ. ಪರಿಹಾರ? ಉಳಿದ ಪ್ರತಿ ತಿಂಗಳಿಗೆ 200 ರೂಪಾಯಿ. 1988ರ ಕಾಯ್ದೆಯೂ ಇದೇ 200ನ್ನು ಉಳಿಸಿಕೊಂಡಿತು. ಪರ್ಮಿಟ್ಟಿನ ಆಯುಷ್ಯ 5 ವರ್ಷ. ನಿನ್ನೆ ತಾನೇ ಪಡೆದ ಪರ್ಮಿಟ್ ಇಂದು ರದ್ದಾದರೂ 12,000 ರೂಪಾಯಿಗೆ ಲೆಕ್ಕ ಮುಗಿಯುತ್ತದೆ. ಬದಲಿ ದಾರಿ ಕೊಟ್ಟು ಅದನ್ನು ಒಪ್ಪಿಕೊಂಡರೆ ಅಷ್ಟೂ ಇಲ್ಲ. ಧಣಿಗಳ ನಡುವೆ ಬಸ್ಸಿಗಿಂತ ಹೆಚ್ಚು ತೂಗುವ ಹಾಳೆಗೆ ಸರ್ಕಾರಿ ತಕ್ಕಡಿಯಲ್ಲಿ ಈ ತೂಕ.

ಬಸ್ಸುಗಳನ್ನೇ ಸ್ವಾಧೀನಪಡಿಸಿಕೊಂಡ ಪ್ರಸಂಗವೂ ಉಂಟು. ತುರ್ತುಪರಿಸ್ಥಿತಿಯ ನಡುವೆ, 1976ರಲ್ಲಿ, ಕರ್ನಾಟಕ ಸರ್ಕಾರ ಕಾಂಟ್ರ್ಯಾಕ್ಟ್ ಕ್ಯಾರಿಯೇಜ್ ವಾಹನಗಳನ್ನು ವಶಪಡಿಸಿಕೊಂಡು ಕೆಎಸ್‌ಆರ್‌ಟಿಸಿಗೆ ಒಪ್ಪಿಸುವ ಕಾಯ್ದೆ ತಂದಿತು. ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1977ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು ಬಾಡಿಗೆ ಒಪ್ಪಂದದ ಮೇಲೆ ಓಡುವ ಬಸ್ಸುಗಳ ಮಾತು. ಸಿದ್ಧಕಟ್ಟೆಯಲ್ಲಿ ನಿಂತು, ವೇಣೂರಿನಲ್ಲಿ ಹತ್ತಿಸಿಕೊಂಡು, ಟಿಕೆಟ್ ಹರಿದು ಕೊಡುವ ಲೈನ್ ಬಸ್ಸುಗಳಿಗೆ ಅದು ತಾಗಲಿಲ್ಲ.

ಪಕ್ಕದ ತಮಿಳುನಾಡು ಇನ್ನೂ ಮುಂದೆ ಹೋಗಿತ್ತು. 1971ರ ಕಾನೂನಿನಲ್ಲಿ ದೊಡ್ಡ ಫ್ಲೀಟ್ ಇದ್ದವರ ಲೈನ್ ಬಸ್ಸುಗಳನ್ನೇ ಸ್ವಾಧೀನಪಡಿಸಿಕೊಂಡು ಮಧುರೆಯಲ್ಲಿ ಪಾಂಡಿಯನ್, ಕೊಯಮತ್ತೂರಿನಲ್ಲಿ ಚೇರನ್ ಎಂಬ ಸರ್ಕಾರಿ ನಿಗಮಗಳನ್ನು ಕಟ್ಟಿತು. ಟಿ.ವಿ.ಎಸ್. ಎಂಬ ಹೆಸರು ಮಧುರೆಯ ಲೈನ್ ಬಸ್ಸುಗಳ ಮೇಲಿಂದ ಅಳಿಸಿದ್ದು ಹೀಗೆ. 1956ರಲ್ಲಿ ಗಡಿ ಬೇರೆ ರೀತಿ ಎಳೆದಿದ್ದರೆ ಸಿ.ಪಿ.ಸಿ.ಯಂಥ ಕಂಪನಿಗಳ ಎದುರಿಗೂ ಆ ಕಾನೂನೇ ನಿಲ್ಲುತ್ತಿತ್ತು.

ಇವತ್ತು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಡುವೆ ಓಡಾಡಿದರೆ ಆ ಇತಿಹಾಸ ಬಣ್ಣದಲ್ಲೇ ಕಾಣುತ್ತದೆ. ಬಿ.ಸಿ. ರೋಡ್ ಮತ್ತು ಧರ್ಮಸ್ಥಳದಲ್ಲಿ ಕೆಎಸ್‌ಆರ್‌ಟಿಸಿ ಪುತ್ತೂರು ವಿಭಾಗದ ಡಿಪೋಗಳಿವೆ. ಬಂಟ್ವಾಳ, ಬೆಳ್ತಂಗಡಿ ದಾರಿಯಲ್ಲಿ ಕೆಂಪು ಬಸ್ಸುಗಳ ಸಾಲು. ಮೂಡುಬಿದಿರೆ ಕಡೆ ಹೊರಳಿದರೆ ಕೆಂಪು ತೆಳುವಾಗಿ ಖಾಸಗಿಯವರ ಬಣ್ಣಬಣ್ಣದ ಲೋಕ ಶುರುವಾಗುತ್ತದೆ. ಬಂಟ್ವಾಳಕ್ಕೆ ರೈಲಿದೆ. ಬೆಳ್ತಂಗಡಿಗೂ ಮೂಡುಬಿದಿರೆಗೂ ಇಲ್ಲ. ಅಲ್ಲಿ ಬಸ್ಸೇ ಎಲ್ಲ.

ದೊಡ್ಡದಾಗದೆ ಉಳಿದವರು

ಇಷ್ಟು ವ್ಯಾಪಾರ ಬುದ್ಧಿಯ ಜಿಲ್ಲೆಯಲ್ಲಿ ಒಂದು ಗ್ರೇಹೌಂಡ್ ಯಾಕೆ ಹುಟ್ಟಲಿಲ್ಲ? ಹಣದ ಕೊರತೆ ಎನ್ನುವಂತಿಲ್ಲ. ಕಾರ್ಪೊರೇಷನ್, ಕೆನರಾ, ಸಿಂಡಿಕೇಟ್, ವಿಜಯಾ ಎಂಬ ನಾಲ್ಕು ಬ್ಯಾಂಕುಗಳು ಹುಟ್ಟಿದ ಮಣ್ಣು ಅವಿಭಜಿತ ದಕ್ಷಿಣ ಕನ್ನಡ. ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರುಮಾಡಿ ಮನೆಮನೆಯಿಂದ ದಿನಕ್ಕೆರಡಾಣೆ ಕೂಡಿಸುವುದನ್ನು ಕಲಿಸಿತ್ತು. ಬಸ್ಸಿನ ಕಲೆಕ್ಷನ್ನೂ ಒಂದು ಬಗೆಯ ಪಿಗ್ಮಿಯೇ. ದಿನದ ದುಡ್ಡು ದಿನ ಕೈಗೆ.

ಆದರೆ ದೊಡ್ಡದಾದಷ್ಟೂ ಭಾರ ಹೆಚ್ಚು. ಹತ್ತು ಬಸ್ಸಿನ ಧಣಿ ಬೆಳಗಿನ ಮೊದಲ ಟ್ರಿಪ್ಪಿಗೆ ತಾನೇ ಎದ್ದು ಬಂದು ನಿಲ್ಲಬಲ್ಲ. ನೂರು ಬಸ್ಸಿನವನಿಗೆ ಮ್ಯಾನೇಜರ್ ಬೇಕು, ಚೆಕಿಂಗಿನವರು ಬೇಕು, ಅವರ ಮೇಲೊಬ್ಬ ಬೇಕು. ಸ್ಕೀಮ್ ಬಂದರೆ ಒಂದು ದಾರಿಯ ಹತ್ತು ಪರ್ಮಿಟ್ ಒಟ್ಟಿಗೇ ಹೋಗುವ ಅಪಾಯ ಬೇರೆ. ಒಂದು ಪರ್ಮಿಟ್ಟನ್ನು ಕೊಳ್ಳುವುದು ಹೇಗೆ ಸುಲಭವೋ ಬಿಡಿಸಿ ಮಾರುವುದೂ ಅಷ್ಟೇ ಸುಲಭ. ಕಷ್ಟ ಬಂದಾಗ ದೊಡ್ಡ ಕಂಪನಿ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಘಟ್ಟದ ಮೇಲೆ ಕೊಪ್ಪದಲ್ಲಿ ಇದಕ್ಕೆ ಬೇರೆಯದೇ ಉತ್ತರ ಸಿಕ್ಕಿತ್ತು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಕಾರ್ಮಿಕ ಸಂಘರ್ಷದ ಬಳಿಕ ಬಾಗಿಲು ಹಾಕಿದಾಗ ಡ್ರೈವರ್, ಕಂಡಕ್ಟರ್‌ಗಳು ತಮಗೆ ಬರಬೇಕಿದ್ದ ಬಾಕಿಯ ಬದಲು ಬಸ್ಸುಗಳನ್ನೇ ಪಡೆದರು. 1991ರಲ್ಲಿ ಕೈಬೆರಳೆಣಿಕೆಯ ಬಸ್ಸುಗಳಿಂದ ‘ಸಹಕಾರ ಸಾರಿಗೆ’ ಹೊರಟಿತು. ಕೆಲಸಗಾರರೇ ಕಂಪನಿಯನ್ನು ಕೊಂಡ ಅಪರೂಪದ ಉದಾಹರಣೆ ಅದು. ಮುಂದೆ ಬಸ್ಸುಗಳ ಸಂಖ್ಯೆ 70 ದಾಟಿತು, ಮಲೆನಾಡಿನ ಮೂಲೆಯ ಹಳ್ಳಿಗಳಿಗೂ ಅದರ ಹಾರ್ನ್ ಕೇಳಿಸಿತು. ಡೀಸೆಲ್ ಏರಿತು, ಸಾಲ ಏರಿತು. 2020ರ ಆರಂಭದಲ್ಲಿ, ಕೊರೊನಾ ಲಾಕ್‌ಡೌನಿಗೂ ಮುಂಚೆಯೇ, ಓಡಾಟ ನಿಂತಿತು.

ಜಿಲ್ಲೆಯ ಬ್ಯಾಂಕುಗಳದ್ದು ಇನ್ನೊಂದು ವಿಚಿತ್ರ ನೋಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ರಾಷ್ಟ್ರಮಟ್ಟಕ್ಕೆ ಬೆಳೆದ ನಾಲ್ಕರಲ್ಲಿ ಹೆಸರು ಉಳಿದದ್ದು ಒಂದಕ್ಕೆ. ಆ ಬ್ಯಾಂಕುಗಳ ಸಾಲದಿಂದ ಚಾಸಿ ಕೊಂಡ ಸಣ್ಣ ಧಣಿಗಳ ಬಸ್ಸುಗಳು ಇನ್ನೂ ಗುರುಪುರದ ಸೇತುವೆ ದಾಟುತ್ತಿವೆ.

ಹೊಸ ಲೆಕ್ಕ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಮೊದಲ ವಾರಗಳಲ್ಲೇ ಧರ್ಮಸ್ಥಳದ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳ್ತಂಗಡಿಯ ಹೆಂಗಸರಿಗೆ ಪುಕ್ಕಟೆಯಾದ ಪ್ರಯಾಣ, ಖಾಸಗಿ ಬಸ್ಸನ್ನೇ ನಂಬಿದ ಮೂಡುಬಿದಿರೆ ದಾರಿಯ ಹೆಂಗಸರಿಗೆ ಟಿಕೆಟ್ಟಿನ ದುಡ್ಡಾಗಿಯೇ ಉಳಿಯಿತು. ದಶಕಗಳ ಹಿಂದೆ ಯಾವ ದಾರಿ ಸ್ಕೀಮಿಗೆ ಸೇರಿತು, ಯಾವುದು ಧಣಿಗಳ ಕೈಯಲ್ಲಿ ಉಳಿಯಿತು ಎಂಬುದು ಈಗ ಬೀಡಿ ಕಟ್ಟುವವರ ಸಂಚಿಯ ಲೆಕ್ಕಕ್ಕೆ ಬಂದಿದೆ.

ಪರ್ಮಿಟ್ಟಿನ ಬಿಗಿಯೂ ಮೊದಲಿನಂತಿಲ್ಲ. 1988ರ ಕಾಯ್ದೆ ಹೊಸ ಅರ್ಜಿಗಳಿಗೆ ಬಾಗಿಲು ತೆರೆಯಿತು. ಹಳಬರಿಗೆ ಆಕ್ಷೇಪಿಸುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 1991ರ ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಹೇಳಿತು. ಪರ್ಮಿಟ್ ಹೆಚ್ಚಿಸಬಹುದು, ಬೆಳಗಿನ ಏಳಕ್ಕೂ ಎಂಟಕ್ಕೂ ನಡುವಿನ ನಿಮಿಷಗಳನ್ನು ಹೆಚ್ಚಿಸುವಂತಿಲ್ಲ. ಆದ್ದರಿಂದ ಹೊಸ ಪರ್ಮಿಟ್ಟುಗಳಿಂದ ಒಳ್ಳೆಯ ಟೈಮಿಂಗಿನ ಬೆಲೆ ಇಳಿದಿಲ್ಲ. ಇಳಿಸುತ್ತಿರುವುದು ಬೈಕು, ಸ್ಕೂಟರು, ಕಾಲೇಜಿನದ್ದೇ ಬಸ್ಸು.

ಹಿಬ್ಬಿಂಗಿನ ಕಂಪನಿಯ ಕತೆ ಎಲ್ಲಿಗೆ ಬಂತು? ಎಲ್ಲರನ್ನೂ ಕೊಂಡ ಗ್ರೇಹೌಂಡನ್ನು 2007ರಲ್ಲಿ ಬ್ರಿಟನ್ನಿನ ಫಸ್ಟ್‌ಗ್ರೂಪ್, 2021ರಲ್ಲಿ ಜರ್ಮನಿಯ ಫ್ಲಿಕ್ಸ್ ಕೊಂಡವು. ಆ ಫ್ಲಿಕ್ಸ್‌ಬಸ್ 2024ರಲ್ಲಿ ಬೆಂಗಳೂರಿಗೂ ಬಂದಿದೆ. ಹಸಿರು ಬಣ್ಣ, ಮೊಬೈಲಿನಲ್ಲಿ ಟಿಕೆಟ್. ಬಸ್ಸು ಮಾತ್ರ ಅದರ ಸ್ವಂತದ್ದಲ್ಲ, ಸ್ಥಳೀಯ ಧಣಿಗಳದ್ದು.

ಮೂಡುಬಿದಿರೆ ನಿಲ್ದಾಣದಲ್ಲಿ ಏಳು ಹತ್ತು ಆಗುತ್ತಿದೆ. ಬಂದು ನಿಂತ ಬಸ್ಸಿಗೆ ಹೊಸ ಹೆಸರು, ಹೊಸ ಬಣ್ಣ. ಹತ್ತಲು ನುಗ್ಗಿದ ಮಕ್ಕಳ ಹಿಂದೆ ನಿಂತ ಅಜ್ಜಿಯೊಬ್ಬರು ಹಳೆಯ ಧಣಿಯ ಹೆಸರು ಹಿಡಿದೇ ಇದು ಅವರ ಬಸ್ಸಲ್ಲವಾ ಎಂದು ಕೇಳುತ್ತಾರೆ. ಕಂಡಕ್ಟರ್ ತಿದ್ದಲು ಹೋಗುವುದಿಲ್ಲ. ಹೌದು ಅಜ್ಜಿ, ಹತ್ತಿ ಎಂದು ಅವರ ಚೀಲ ಎತ್ತಿ ಒಳಗಿಡುತ್ತಾನೆ. ಟೈಮ್ ಕೀಪರ್ ಗಡಿಯಾರ ನೋಡುತ್ತಾರೆ. ಕಂಡಕ್ಟರನ ಸೀಟಿ, ‘ರೈಟ್, ಪೋಯಿ’.